ವೀಳ್ಯದ ತಟ್ಟೆಯ ನೀಲಿ ವಾಚು

ನಮ್ಮ ಕಡೆ ಮದುವೆ ಮಾತು ಮುಗಿದು ಎಲೆ ಅಡಿಕೆ ಬಾಯಲ್ಲಿರುವಾಗಲೇ ಯಾರಾದರೊಬ್ಬರು ಕೇಳಿಬಿಡುತ್ತಾರೆ: "ಗಂಡಿಗೆ ವಾಚು ಯಾವ್ದು ಹಾಕ್ತೀರಿ?" ಗಂಡಿನ ಕಡೆಯವರು ಕೇಳದಿದ್ದರೆ ಹೆಣ್ಣಿನ ಕಡೆಯವರೇ ಹೇಳಿಕೊಳ್ಳುತ್ತಾರೆ. ಉಂಗುರ, ಬಟ್ಟೆ, ವಾಚು ವೀಳ್ಯದ ತಟ್ಟೆಯಲ್ಲಿ ಕಾಣದಿದ್ದರೆ ನಿಶ್ಚಿತಾರ್ಥವೇ ಆಗಲಿಲ್ಲವೇನೋ ಎಂಬಂತೆ.

ತೆರಕಣಾಂಬಿಯ ವೃಷಭೇಂದ್ರಪ್ಪನ ಮನೆಯಲ್ಲೂ ಹೀಗೇ ಆಯಿತು. ಅರಿಶಿನ, ಸಣ್ಣ ಈರುಳ್ಳಿ ಬೆಳೆಯುವ ಮನೆ ಅದು. ಮಗಳು ಶಿವರಂಜಿನಿಗೆ ಚಾಮರಾಜನಗರದ ಸೋಮೇಶ್ ಒಪ್ಪಿಗೆಯಾಗಿದ್ದ. ಸಹಕಾರ ಸಂಘದಲ್ಲಿ ಕೆಲಸ, ಮೆದು ಮಾತಿನ ಹುಡುಗ. ಅವನ ತಾಯಿ ಶಿವರುದ್ರಮ್ಮ, "ನಮ್ಗೇನೂ ಬ್ಯಾಡಿ, ಹುಡುಗಿ ನಗ್‍ನಗ್ತಾ ಬರ್ಲಿ ಸಾಕು" ಎಂದಿದ್ದಳು. ಅಷ್ಟಕ್ಕೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾತುಕತೆ ನಡೆಸಿಕೊಟ್ಟ ಗುರುಸಿದ್ದಯ್ಯನವರ ಮುಂದೆ ವೃಷಭೇಂದ್ರಪ್ಪ ಟವೆಲ್ ಕೊಡವಿಕೊಂಡು ಹೇಳಿದ: "ನೋಡಿ ಅಯ್ನೋರೆ, ನಮ್ಮ ಅಳಿಯಂದ್ರಿಗೆ ಫಾರಿನ್ ವಾಚು ಕಣಿ. ಅಸಲಿ ಫಾರಿನ್ನು!"

ಒಳಗೆ ಕಾಫಿ ಲೋಟ ತೊಳೆಯುತ್ತಿದ್ದ ಅವನ ಹೆಂಡತಿ ನಾಗರತ್ನನ ಕೈ ನಿಂತುಹೋಯಿತು. ಅಸಲಿ ಫಾರಿನ್ ವಾಚಿಗೆ ಎಷ್ಟಾಗುತ್ತದೆ ಎಂದು ಆ ಮನೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಆ ದುಡ್ಡಿಗೆ ಒಂದು ಟ್ರ್ಯಾಕ್ಟರ್ ಬರುತ್ತದೆ.

ಅವಳಿಗೆ ಹೇಗೆ ತಿಳಿದಿತ್ತು ಎಂದು ಕೇಳುತ್ತೀರಾ? ನಾಗರತ್ನನಿಗೆ ವಾಚಿನ ಹುಚ್ಚು. ತರಕಾರಿ ಮಾರುಕಟ್ಟೆಯ ಪಕ್ಕದ ವೇಬ್ರಿಡ್ಜಿನಲ್ಲಿ ಅವಳಿಗೆ ಕೆಲಸ. ಟೊಮೆಟೊ, ಕೋಸು ತುಂಬಿದ ಗಾಡಿಗಳು ಬಂದು ತೂಕದ ಹಲಗೆಯ ಮೇಲೆ ನಿಲ್ಲುತ್ತವೆ. ಅವಳು ತೂಕ ನೋಡಿ, ಚೀಟಿ ಹರಿದು, ಕಿಟಕಿಯಿಂದ ಕೊಡುತ್ತಾಳೆ. ಕಿಟಕಿ ಸಣ್ಣದು. ಅಲ್ಲಿ ಕೂತವಳಿಗೆ ಮುಖಗಳು ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ. ಕೇರಳದ ಬತ್ತೇರಿ ಕಡೆಯ ವ್ಯಾಪಾರಿಗಳ ಕೈ, ಊಟಿ ಕಡೆಯ ಡ್ರೈವರುಗಳ ಕೈ. ಆ ಕೈಗಳ ಮೇಲೆ ನೀಲಿ, ಹಸಿರು, ಬಂಗಾರದ ಬಣ್ಣದ ವಾಚುಗಳು. "ಅಕ್ಕಾ, ಚೀಟೀಲಿ ಒಸಿ ಜಾಸ್ತಿ ಹಾಕಿ" ಎಂದು ಯಾವುದಾದರೂ ಕೈ ಕಿಟಕಿಯೊಳಗೆ ಬಗ್ಗಿದರೆ, "ಇರಾದು ಇದ್ದಂಗೇ ಬತ್ತದೆ ಕಣಪ್ಪ, ನಾನೇನು ದೇವ್ರ?" ಎನ್ನುತ್ತಲೇ ಅವಳು ಆ ಕೈಯ ವಾಚನ್ನು ಕಣ್ತುಂಬ ನೋಡಿಕೊಳ್ಳುತ್ತಿದ್ದಳು.

ಹುಡುಗಿಯಾಗಿದ್ದಾಗ ಅವಳಿಗೆ ವಾಚು ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಾಗ ವಾಚು ಬಂದದ್ದು ಅಣ್ಣನಿಗೆ. ಅವಳೂ ಪಾಸಾಗಿದ್ದಳು, ಅವಳಿಗೆ ಲಂಗದ ಬಟ್ಟೆ ಬಂತು. ಮದುವೆಯಲ್ಲಿ ಅಪ್ಪ ವಾಚು ಕಟ್ಟಿದ್ದು ವೃಷಭೇಂದ್ರಪ್ಪನ ಕೈಗೆ; ಅವಳ ಕೈಗೆ ಮೊಣಕೈವರೆಗೆ ಬಳೆ. ಬಳೆಗಳ ಮೇಲೆ ಅವಳಿಗೆ ಸಿಟ್ಟೇನಿಲ್ಲ. ಆದರೆ ಬಳೆ ನೋಡಿದವರಿಗೆ ಅವಳು ಯಾರ ಮನೆಯವಳು ಎಂದು ತಿಳಿಯುತ್ತದೆ. ವಾಚು ಯಾರಿಗೂ ಏನೂ ಹೇಳುವುದಿಲ್ಲ, ಕಟ್ಟಿಕೊಂಡವಳಿಗೆ ಗಂಟೆ ಎಷ್ಟೆಂದು ಹೇಳುತ್ತದೆ ಅಷ್ಟೆ. ತನಗಾಗಿ ಮಾತ್ರ ಮಾತಾಡುವ ಒಂದು ವಸ್ತು ಮೈಮೇಲಿರುವುದು ಅವಳಿಗೆ ಹಿತವಾಗಿತ್ತು.

ಮೊದಲನೆಯದನ್ನು ಕೊಂಡಾಗ ಮೋಸವಾಯಿತು. ಫೋನಿನಲ್ಲಿ ಜಾಹೀರಾತು ಬಂತು: ಅಸಲಿ ಸ್ವಿಸ್ ವಾಚು, ಅಂಗಡಿ ಮುಚ್ಚುತ್ತಿದ್ದೇವೆ, ಇವತ್ತೇ ಕೊನೆ. ಅವಳು ಒತ್ತಿದಳು, ವಾಚು ಬಂತು. ನೀರಿಗೆ ಏನೂ ಆಗುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು. ರಾಗಿಮುದ್ದೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಗಾಜಿನೊಳಗೆ ಮಂಜು ಕಟ್ಟಿತ್ತು. ಫೋನ್ ಮಾಡಿದರೆ ಆ ನಂಬರೇ ಇಲ್ಲ. ಗುಂಡ್ಲುಪೇಟೆಯ ರಿಪೇರಿ ಅಂಗಡಿಯವನು ಹಿಂಬದಿ ಬಿಚ್ಚಿ ತೋರಿಸಿ, "ಇದು ಕಾಪಿ ಕಣಕ್ಕ. ಅಸಲಿಗಾದ್ರೆ ಒಂದು ಟ್ರ್ಯಾಕ್ಟರ್ ದುಡ್ಡಾಯ್ತದೆ" ಎಂದ.

ಬೇರೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ನಾಗರತ್ನ ಬಿಡಲಿಲ್ಲ. ಕಾಪಿ ಎಂದು ತಿಳಿದ ಮೇಲೂ ಆ ವಾಚು ಚಂದವಾಗಿಯೇ ಇತ್ತು. ಆಮೇಲೆ ಕಾಪಿ ಎಂದು ಬಾಯಿಬಿಟ್ಟು ಹೇಳುವ ಅಂಗಡಿಯಲ್ಲೇ, ಕಾಪಿಯ ಬೆಲೆಗೇ ಕೊಂಡಳು. ಎರಡು ಮೂರಾದವು, ಹಾಗೇ ಒಂದು ಬಿಸ್ಕತ್ತಿನ ಡಬ್ಬಿ ತುಂಬಿತು. ಅಂಗೈಯಲ್ಲಿಟ್ಟು ತೂಗಿದರೆ ಯಾವುದು ಗಟ್ಟಿ ಸ್ಟೀಲು, ಯಾವುದು ಬಣ್ಣ ಹೊಡೆದ ಹಗುರ ಲೋಹ ಎಂದು ಕಣ್ಣುಮುಚ್ಚಿ ಹೇಳುವಷ್ಟು ಅಭ್ಯಾಸವಾಯಿತು. ಅವಳ ಮಹಿಳಾ ಸಂಘದ ಹೆಂಗಸರು, "ಎಷ್ಟ್ ಚೆಂದಾಗದೆ ನಾಗಕ್ಕ, ಅಸಲಿನಾ?" ಎಂದರೆ, "ಇಲ್ಲ ಕಣವ್ವ, ಕಾಪಿ. ಕೈಗೆ ಒಪ್ತದೆ, ಅದ್ಕೇ ಕಟ್ಕಂಡಿವ್ನಿ" ಎನ್ನುತ್ತಿದ್ದಳು, ತಲೆ ಎತ್ತಿಕೊಂಡು.

ಅತ್ತೆ ಪುಟ್ಟಬಸಮ್ಮನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ.

"ನನ್ ಸೊಸೆ ಕೈ ಬಸ್ ಸ್ಟ್ಯಾಂಡ್ ಗಡಿಯಾರ ಆಗೋಯ್ತು ಕಣ. ಹಂಗಳ್ದವ್ರು, ಬೇಗೂರ್ನವ್ರು ಎಲ್ಲ ಇವ್ಳ ಕೈ ನೋಡ್ಕಂಡು ಬಸ್ ಅತ್ತಬೌದು" ಎಂದು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಿದ್ದಳು. ಒಂದು ದಿನ ನಗೆ ಬಿಟ್ಟು ನೇರವಾಗಿಯೇ ಕೇಳಿದಳು: "ಅಲ್ಲ ಕಣಮ್ಮಿ, ಇನ್ನೊಬ್ಬರ ಎಸ್ರು ಇರೋ ವಾಚ್ನ ಕಟ್ಕಂಡು ಓಡಾಡ್ತೀಯಲ್ಲ, ಅದು ಸುಳ್ಳಲ್ವ?"

"ಕೇಳ್ದೋರ್ಗೆ ಕಾಪಿ ಅಂತ ಯೋಳ್ತೀನಲ್ಲ ಅತ್ತೆ."

"ಕೇಳ್ದೆ ಇದ್ದೋರ್ಗೆ?"

ನಾಗರತ್ನನಿಗೆ ಮುದುಕಿಯ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಉಳಿಯಿತು. ಸಂಘಕ್ಕೆ ಗ್ರಾಹಕರ ಹಕ್ಕಿನ ಬಗ್ಗೆ ತಿಳಿಸಲು ಬಂದಿದ್ದ ಮಾದಮ್ಮ ಎಂಬಾಕೆಯನ್ನು ಪಕ್ಕಕ್ಕೆ ಕರೆದು ವಿಚಾರಿಸಿದಳು. ಒಂದು ಕಂಪನಿಯ ಹೆಸರು, ಗುರುತನ್ನು ಇನ್ನೊಬ್ಬರು ತಮ್ಮ ಮಾಲಿನ ಮೇಲೆ ಅಚ್ಚು ಹಾಕಿ ಮಾರುವುದು ಕಾನೂನಿನಲ್ಲಿ ಅಪರಾಧ ಎಂದು ಮಾದಮ್ಮ ಬಿಡಿಸಿ ಹೇಳಿದಳು. "ಹಾಗಂತ ಆಸೆ ಬಿಡಬೇಡಿ ಅಕ್ಕ. ಅದೇ ತರದ ಅಂದ ಇರೋ, ಮಾಡಿದವ್ರ ಸ್ವಂತ ಹೆಸರೇ ಇರೋ ವಾಚುಗಳೂ ಕಡಿಮೆ ಬೆಲೆಗೆ ಸಿಗ್ತವೆ. ಬಿಲ್ಲೂ ಕೊಡ್ತಾರೆ. ಅವನ್ನ ಕಟ್ಟಿ ನೋಡಿ." ಅಲ್ಲಿಂದಾಚೆಗೆ ನಾಗರತ್ನ ಕೊಂಡದ್ದೆಲ್ಲ ಅಂಥವೇ. ಹಳೆಯವು ಡಬ್ಬಿಯ ತಳಕ್ಕೆ ಹೋದವು. ಅದರಲ್ಲೊಂದು ನೀಲಿ ಮುಖದ್ದು, ದೊಡ್ಡ ಕಂಪನಿಯ ಹೆಸರು ಹೊತ್ತದ್ದು, ಒಂದು ಕಾಲಕ್ಕೆ ಅವಳಿಗೆ ಬಲು ಇಷ್ಟವಾದದ್ದು.

ಈಗ ಗುರುಸಿದ್ದಯ್ಯನವರು ಬಸ್ಸು ಹತ್ತಿದ ಮೇಲೆ ವೃಷಭೇಂದ್ರಪ್ಪ ಒಳಗೆ ಬಂದು ಕೇಳಿದ್ದು ಆ ನೀಲಿ ವಾಚನ್ನೇ.

"ನಾಗು, ಆ ಡಬ್ಬೀಲಿ ನೀಲಿದೊಂದು ಅದಲ್ಲ, ಅದ್ನ ಕೊಟ್ಬುಡು. ಹೊಸ ಬಾಕ್ಸ್‌ನಲ್ಲಿ ಇಟ್ಟು ಅಳಿಯಂದ್ರಿಗೆ ಕಟ್ಬುಡನ."

"ಅದು ಕಾಪಿ ಕಣ್ರೀ."

"ಗೊತ್ತು. ಯಾರ್ಗ್ ತಿಳೀತದೆ? ನೀನೇ ವರ್ಸಾನುಗಟ್ಲೆ ಕಟ್ಟಿದ್ಯಲ್ಲ."

"ನಾನು ಕಟ್ಟಿದ್ದು ಕಾಪಿ ಅಂತ. ನೀವು ಕೊಡಕ್ಕೆ ಹೊಂಟಿರೋದು ಅಸಲಿ ಅಂತ." ನಾಗರತ್ನ ಗಂಡನ ಎದುರಿಗೆ ಬಂದು ನಿಂತಳು. "ನಮ್ಮ ಕೈಲಾಗೋದು ಯಾವ್ದೋ ಅದ್ನೇ ಕೊಡನ. ನಮ್ಮ ದೇಸದ್ದೇ ಒಳ್ಳೇ ವಾಚು, ಚಾಮರಾಜನಗರದಲ್ಲೇ ಸಿಗ್ತದೆ. ಬಿಲ್ಲು, ಗ್ಯಾರಂಟಿ ಎಲ್ಲ ಕೊಡ್ತರೆ."

"ಫಾರಿನ್ ಅಂದ್ಬುಟ್ಟಿವ್ನಿ! ಈಗ ಪೇಟೇಲಿ ಎಲ್ರಿಗೂ ಸಿಗೋ ವಾಚ್ ಕಟ್ಟುದ್ರೆ ನನ್ ಮಕ ಏನಾಯ್ತದೆ?"

"ನಿಮ್ ಮಕ ಒಂದು ದಿನ ಸಣ್ಣ ಆಯ್ತದೆ, ಅಷ್ಟೇ. ನಮ್ಮ ಶಿವರಂಜಿನಿ ಆ ಮನೇಲಿ ದಿನಾ ಬದುಕ್ಬೇಕಲ್ಲ. ವಾಚ್ ಕೆಟ್ಟೋಗಿ ರಿಪೇರಿಗೆ ಬುಟ್ಟ ದಿನ ಯಾರ್ ಮಕ ತಗ್ಗೋದು?"

ವೃಷಭೇಂದ್ರಪ್ಪ ಉಸಿರು ಬಿಟ್ಟು ಹೊರಗೆ ಹೋದ. ಕೆಲವು ದಿನದ ಮೇಲೆ ಮೈಸೂರಿಗೆ ಹೋಗಿ ಬಂದವನು, ಹಸಿರು ಮಖಮಲ್ಲಿನ ಡಬ್ಬಿಗೆ ರಿಬ್ಬನ್ ಕಟ್ಟಿಸಿಕೊಂಡು ತಂದ. "ನೋಡು, ಆಯ್ತಾ? ಬಿಚ್ಚಬ್ಯಾಡ, ಅಲ್ಲೇ ಬಿಚ್ಚನ" ಎಂದು ತಾನೇ ಬೀರುವಿನಲ್ಲಿಟ್ಟ. ಮಾತಿಗೆ ಬೆಲೆ ಕೊಟ್ಟನಲ್ಲ ಎಂದು ನಾಗರತ್ನನಿಗೆ ಸಂತೋಷವೇ ಆಯಿತು. ಕಜ್ಜಾಯದ ಹಿಟ್ಟು, ಸೀರೆ, ಬಂಧುಗಳಿಗೆ ಗಾಡಿ ಎಂದು ಓಡಾಟದಲ್ಲಿ ಬಿಸ್ಕತ್ತಿನ ಡಬ್ಬಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ನಿಶ್ಚಿತಾರ್ಥ ಚಾಮರಾಜನಗರದಲ್ಲಿ, ಶಿವರುದ್ರಮ್ಮನ ಮನೆಯ ನಡುಮನೆಯಲ್ಲೇ ನಡೆಯಿತು. ಜಮಖಾನದ ಮೇಲೆ ತಟ್ಟೆಗಳು ಸಾಲಾಗಿ ಕೂತಿದ್ದವು. ಉಂಗುರ ತೊಡಿಸಿದ್ದಾಯಿತು. ಗುರುಸಿದ್ದಯ್ಯನವರು, "ವಾಚಿನ ತಟ್ಟೆ ತನ್ನಿ ತಾಯಿ, ಫಾರಿನ್ ವಾಚು ನಾವೂ ನೋಡೋಣ" ಎಂದರು. ನೆಂಟರೆಲ್ಲ ಕುತ್ತಿಗೆ ಚಾಚಿದರು.

ಸೋಮೇಶ್ ಕೈ ಮುಂದೆ ಮಾಡಿದ. ಬರಿ ಮಣಿಕಟ್ಟು. ಅದರ ಮೇಲೆ ದುಂಡಗೆ ಕಪ್ಪು ಕಲೆ. ಹೆಣ್ಣು ನೋಡಲು ಬಂದ ದಿನವೇ ನಾಗರತ್ನ ಅದನ್ನು ಗಮನಿಸಿದ್ದಳು, ಏಕೆಂದು ತಿಳಿದಿರಲಿಲ್ಲ. ಶಿವರುದ್ರಮ್ಮ ಮಗನ ಕೈ ಸವರಿ ಹೇಳಿದಳು: "ಇವ್ನಿಗೆ ಅಗ್ಗದ ಲೋಹ ಆಗಲ್ಲ ಕಣಿ ಬೀಗಿತ್ತಿ. ಕಟ್ಟಿದ್ರೆ ಕಡಿತ, ಗುಳ್ಳೆ, ರಸಿಗೆ. ಒಳ್ಳೇ ಸ್ಟೀಲು ಆದ್ರೆ ಅಷ್ಟು ತೊಂದ್ರೆ ಇಲ್ಲ ಅಂದ್ರು ಡಾಕ್ಟ್ರು. ವಾಚೇ ಬ್ಯಾಡ ಅಂತಿದ್ದ. ಅಸಲಿ ಕೊಡ್ತರಂತೆ ಅಂದ್ಮೇಲೆ ಒಪ್ಪವ್ನೆ."

ನಾಗರತ್ನ ಹಸಿರು ಡಬ್ಬಿಯನ್ನು ತಟ್ಟೆಯಿಂದ ಎತ್ತಿಕೊಂಡಳು. ಎತ್ತಿದ ಕ್ಷಣವೇ ಅವಳ ಕೈಗೆ ತಿಳಿಯಿತು. ಹಗುರ.

ರಿಬ್ಬನ್ ಬಿಚ್ಚಿದಳು. ಮಖಮಲ್ಲಿನ ಮೇಲೆ ಅವಳ ನೀಲಿ ವಾಚು, ಪಟ್ಟಿಯ ಕೊಂಡಿಯ ಪಕ್ಕದಲ್ಲಿ ಅವಳದೇ ಬಳೆ ತಾಗಿ ಆಗಿದ್ದ ಗೀರಿನ ಸಮೇತ. ಎದುರಿಗೆ ಗಂಡ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಸುತ್ತ ಎಲ್ಲರೂ, "ಆಹಾ, ಏನ್ ಚೆಂದ!" ಎಂದರು. ಇದು ಅಸಲಿಯೋ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ನಂಬಿದ್ದರು.

ಕೇಳದೆ ಇದ್ದವರಿಗೆ? ಮುದುಕಿಯ ಪ್ರಶ್ನೆ ಅವಳ ಕಿವಿಯಲ್ಲಿ ಎದ್ದು ಕೂತಿತು.

ಸುಮ್ಮನಿದ್ದುಬಿಡುವುದು ಅವಳಿಗೆ ಹೊಸದಲ್ಲ. ನಾಲ್ಕು ಜನರ ಮುಂದೆ ಗಂಡನ ಮಾತು ಹೆಚ್ಚುಕಡಿಮೆಯಾದಾಗ ನಗೆ ಬೀರಿ ಮುಚ್ಚುವುದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. 'ಡಬ್ಬಿ ಬದಲಾಗಿಬಿಟ್ಟಿದೆ' ಎಂಬ ಸಲೀಸಾದ ಮಾತೂ ನಾಲಿಗೆಯ ತುದಿಗೆ ಬಂತು. ಅದೂ ಚೀಟಿಯಲ್ಲಿ ಇಲ್ಲದ ತೂಕವನ್ನು ಬರೆದಂತೆಯೇ. ದಿನವಿಡೀ ಪರರ ಈರುಳ್ಳಿಗೆ ಮಾಡದ ಮೋಸವನ್ನು ಮಗಳಿಗೆ ಮಾಡಲೇ? ಶಿವರಂಜಿನಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕೈತುಂಬ ಹಸಿರು ಬಳೆ.

"ಇದು ನನ್ ವಾಚು" ಎಂದಳು ನಾಗರತ್ನ. "ಕಾಪಿ ವಾಚು. ಚೆಂದಾಗದೆ ಅಂತ ನಾನು ಕಟ್ಕತಿದ್ದೆ. ಅಳಿಯಂದ್ರಿಗೆ ಅಸಲಿ ಅಂತ ಕಟ್ಟಕ್ಕೆ ನನ್ ಕೈಲಿ ಆಗಲ್ಲ."

ಗುರುಸಿದ್ದಯ್ಯನವರು ಮಂತ್ರಾಕ್ಷತೆಯ ಕೈಯನ್ನು ಹಾಗೇ ಹಿಡಿದಿದ್ದರು. ಆಗ ಮೂಲೆಯಿಂದ ಪುಟ್ಟಬಸಮ್ಮನ ದನಿ ಬಂತು:

"ಎತ್ಲಾಗೆ ನೋಡ್ತೀಯ ಮಗ? ಬಾಯಲ್ಲಿ ಫಾರಿನ್ನು, ಡಬ್ಬೀಲಿ ಹೆಂಡ್ತಿ ವಾಚು! ನಾನೂ ಅಂದ್ಕಂಡೆ, ಇವ್ನು ಮೈಸೂರ್‌ಗೆ ಓಗಿ ಮದ್ಯಾನಕ್ಕೇ ಬಂದ್ನಲ್ಲ ಅಂತ."

ಯಾರೋ ಕಿಸಕ್ಕನೆ ನಕ್ಕರು. ವೃಷಭೇಂದ್ರಪ್ಪನ ಮುಖ ಕೆಂಪಾಯಿತು. ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಆಮೇಲೆ ಶಿವರುದ್ರಮ್ಮನ ಕಡೆ ತಿರುಗಿ, "ತಪ್ಪು ನಂದೇ ಕಣವ್ವ. ದೊಡ್ಡಸ್ತಿಕೆಗೆ ಫಾರಿನ್ ಅಂದ್ಬುಟ್ಟೆ. ಇವ್ಳು ಬ್ಯಾಡ ಅಂದ್ಲು. ನಾನೇ ಕೇಳ್ನಿಲ್ಲ. ಅಳಿಯಂದ್ರ ಕೈ ಇಂಗೆ ಅಂತ ಗೊತ್ತಿದ್ರೆ..." ಎಂದು ನಿಲ್ಲಿಸಿದ.

ಶಿವರುದ್ರಮ್ಮ ಮಗನ ಕಲೆಯ ಮಣಿಕಟ್ಟನ್ನು ನೋಡಿದಳು. ನಾಗರತ್ನನ ಮುಖ ನೋಡಿದಳು.

"ವಾಚಿಲ್ದಿದ್ರೆ ಶಾಸ್ತ್ರ ನಿಲ್ತದ ಅಯ್ನೋರೆ?" ಎಂದಳು ಶಿವರುದ್ರಮ್ಮ ಕೊನೆಗೆ. "ಗೋಡೆ ಮ್ಯಾಲೆ ಗಡಿಯಾರ ಅದಲ್ಲ, ಅದ್ನೇ ನೋಡ್ಕಂಡು ನಡ್ಸಿ. ಬೀಗಿತ್ತಿ, ನಾಳೆ ನನ್ ಮಗನ್ ಕೈ ಕೆಟ್ಟು, ಯಾಕೆ ಅಂತ ತಿಳ್ದಿದ್ರೆ, ನಾನು ನಿಮ್ ಮಗಳ್ನ ಯಾವ್ ಕಣ್ಣಲ್ಲಿ ನೋಡ್ತಿದ್ದೆ? ನೀವು ಈಗ್ಲೇ ಯೋಳುದ್ರಿ, ಆಗೋಯ್ತು." ಆಮೇಲೆ ಬಗ್ಗಿ ದನಿ ತಗ್ಗಿಸಿದಳು. "ಆ ನೀಲೀದು ಇತ್ತ ಕೊಡಿ. ನನ್ ಕೈಗೆ ಎಂಗೆ ಕಾಣ್ತದೆ ನೋಡನ. ನನ್ ಜನ್ಮದಲ್ಲೇ ಒಂದು ವಾಚು ಕಟ್ಟಿಲ್ಲ ಕಣಿ."

ಅದನ್ನು ಕಟ್ಟಿಕೊಂಡು ಕೈ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳ ಸುತ್ತ ಹೆಂಗಸರು ಸೇರಿದರು. ಪುಟ್ಟಬಸಮ್ಮನೂ ತನ್ನ ಸುಕ್ಕುಗಟ್ಟಿದ ಕೈ ಚಾಚಿದಳು, "ನಂಗೂ ಒಂದ್ಗಳ್ಗೆ ಕಟ್ರಮ್ಮಿ, ಸಾಯಾದ್ರೊಳ್ಗೆ" ಎಂದು. ಕಟ್ಟಿಸಿಕೊಂಡು, ಕಿವಿಯ ಹತ್ತಿರ ಹಿಡಿದು, "ಕಾಪಿ ಆದ್ರೂ ಸದ್ದು ಮಾಡ್ತದೆ ಕಣ" ಎಂದಾಗ ಗುರುಸಿದ್ದಯ್ಯನವರೂ ನಕ್ಕರು.

ಊಟ ಮುಗಿದ ಮೇಲೆ ಎಲ್ಲರೂ ಪೇಟೆಯ ವಾಚಿನ ಅಂಗಡಿಗೆ ಹೋದರು. ಸೋಮೇಶ್ ಆರಿಸಿದ್ದು ನಮ್ಮ ದೇಶದ್ದೇ, ಚರ್ಮದ ಪಟ್ಟಿಯ ಸಾದಾ ವಾಚು. "ಹಿಂಬದಿ ಸ್ಟೀಲು ಒಳ್ಳೇದಾ ಅತ್ತೆ? ನೀವೇ ನೋಡಿ" ಎಂದು ನಾಗರತ್ನನ ಕೈಗೇ ಕೊಟ್ಟ. ಅವಳು ಅಂಗೈಯಲ್ಲಿಟ್ಟು ತೂಗಿದಳು, ತಿರುಗಿಸಿದಳು, ಅಂಗಡಿಯವನನ್ನು ಎರಡು ಮಾತು ಕೇಳಿದಳು. "ಕಟ್ಕಳಿ. ಮೊದ್ಲು ಸ್ವಲ್ಪ ಹೊತ್ತು ಕಟ್ಟಿ ನೋಡಿ, ಕಡಿತ ಬಂದ್ರೆ ಬಿಚ್ಬುಡಿ. ಬದಲಾಯಿಸ್ಕೊಡ್ತರೆ" ಎಂದಳು. ವೃಷಭೇಂದ್ರಪ್ಪ ಗಲ್ಲಾದ ಮುಂದೆ ಕೈ ಕಟ್ಟಿ ನಿಂತು, "ಮೊದ್ಲು ಬಿಲ್ಲು, ಗ್ಯಾರಂಟಿ ಕಾರ್ಡು ಕೊಡಪ್ಪ, ಆಮ್ಯಾಕೆ ವಾಚು" ಎಂದ, ಹುಟ್ಟಿದಾಗಿನಿಂದ ಹಾಗೇ ಕೇಳುತ್ತ ಬಂದವನಂತೆ.

ಹೊರಡಬೇಕೆಂದಾಗ ಶಿವರುದ್ರಮ್ಮ ಗಾಜಿನ ಮೇಜನ್ನು ಬಿಟ್ಟು ಕದಲಲಿಲ್ಲ. "ಇನ್ನೊಂದು ತೆಗೀರಿ. ಇದು ನಮ್ ಕಡೆಯಿಂದ. ಹುಡುಗಿಗೂ ಟೈಮು ಬೇಕಲ್ಲ?"

ಶಿವರಂಜಿನಿ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಒಡ್ಡಿದಳು. ಆ ಜಾಗದಲ್ಲಿ ಅವಳ ವಾಚು ಕೂತಿತು. ನಾಗರತ್ನ ಬಾಗಿಲ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ತನ್ನ ಮದುವೆಯಲ್ಲಿ ಯಾರಿಗೂ ಹೊಳೆಯದ ಮಾತು ಅದು.

ಇಂದಿಗೂ ತೆರಕಣಾಂಬಿಯಲ್ಲಿ ಯಾರಾದರೂ, "ಏನಪ್ಪ, ಅಳಿಯಂಗೆ ಫಾರಿನ್ ವಾಚು ಹಾಕಿದ್ಯಂತೆ" ಎಂದರೆ ವೃಷಭೇಂದ್ರಪ್ಪ, "ಇಲ್ಲ ಕಣ್ಲಾ, ನಮ್ಮ ದೇಸದ್ದೇ. ಬಿಲ್ಲು ಅದೆ, ಬೇಕಾ?" ಎನ್ನುತ್ತಾನೆ. ನಾಗರತ್ನನ ಹುಚ್ಚು ಬಿಟ್ಟಿಲ್ಲ. ಬಿಡುವ ಅಗತ್ಯವೂ ಇಲ್ಲ. ಬಿಸ್ಕತ್ತಿನ ಡಬ್ಬಿ ಮತ್ತೆ ತುಂಬುತ್ತಿದೆ, ಮಾಡಿದವರ ಸ್ವಂತ ಹೆಸರಿರುವ ವಾಚುಗಳಿಂದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ತಾಯಂದಿರೇ, ಕೈಗೆ ಚಂದವೆನಿಸಿದ್ದನ್ನು ಧಾರಾಳವಾಗಿ ಕಟ್ಟಿಕೊಳ್ಳಿ. ಕಡಿಮೆ ಬೆಲೆಯ ವಾಚು ಕಟ್ಟುವುದರಲ್ಲಿ ನಾಚಿಕೆಯಿಲ್ಲ, ದೊಡ್ಡ ಹೆಸರನ್ನು ಕದ್ದು ಹೊತ್ತ ವಾಚಿನಿಂದ ಗೌರವ ಬರುವುದೂ ಇಲ್ಲ. ಕೊಳ್ಳುವಾಗ ಮಾಡಿದವರ ಹೆಸರು ನೋಡಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದ ಅಂಗಡಿಯಿಂದ ಎದ್ದು ಬನ್ನಿ. 'ಅಸಲಿ ವಾಚು, ಇವತ್ತೇ ಕೊನೆ' ಎಂದು ಫೋನಿಗೆ ಬಂದರೆ ಒತ್ತಬೇಡಿ, ಒಟಿಪಿಯನ್ನು ಯಾರಿಗೂ ಹೇಳಬೇಡಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೊಂಡ ವಸ್ತುವಿನಲ್ಲಿ ಮೋಸವಾದರೆ ಗ್ರಾಹಕರ ಸಹಾಯವಾಣಿ 1915 ಇದೆ. ವಾಚಿನ ಅಡಿಯಲ್ಲಿ ಚರ್ಮ ಕಡಿದರೆ ಬಿಚ್ಚಿಟ್ಟು ಡಾಕ್ಟರಿಗೆ ತೋರಿಸಿ, ಸುಣ್ಣ ಅರಿಶಿನ ಹಚ್ಚುತ್ತ ಕೂರಬೇಡಿ.

ಕಾಪಿಯನ್ನು ಅಸಲಿ ಎಂದು ಯಾರಿಗೂ ಮಾರಬೇಡಿ, ಉಡುಗೊರೆ ಕೊಡಬೇಡಿ. ಕೇಳಿದವರಿಗೆ ಮಾತ್ರವಲ್ಲ, ಕೇಳದೆ ನಂಬಿದವರಿಗೂ ನಿಜ ಹೇಳಿ. ಮುಂದಿನ ಸಲ ನಿಮ್ಮ ಮನೆಯ ವೀಳ್ಯದ ತಟ್ಟೆಯ ಮುಂದೆ ಯಾರಾದರೂ "ಗಂಡಿಗೆ ವಾಚು ಯಾವ್ದು?" ಎಂದು ಕೇಳಿದರೆ, ನಗುತ್ತಲೇ ತಿರುಗಿ ಕೇಳಿ: "ನಮ್ಮ ಹುಡುಗಿಗೆ ಯಾವ್ದು?"